ಶಹಾಬಾದ್ ಫರಸಿಯ ಮೇಲೆ ಸ್ವೀಡನ್ ಸೋಫಾ

ಕಲಬುರಗಿ ಜಿಲ್ಲೆಯ ಜೇವರ್ಗಿಯಲ್ಲಿ ಈಗ ಮನೆ ಕಟ್ಟಿಸುವವರ ಮೊಬೈಲಿನಲ್ಲಿ ಒಂದು ಫೋಟೊ ಇದ್ದೇ ಇರುತ್ತದೆ. ಬೆಳ್ಳನೆಯ ಗೋಡೆ, ಬೂದು ಬಣ್ಣದ ಸೋಫಾ, ಅದರ ಮುಂದೆ ಸಣ್ಣ ಕಾಲಿನ ಮರದ ಟೀಪಾಯಿ, ಮೂಲೆಯಲ್ಲಿ ಅಗಲ ಎಲೆಯ ಒಂದು ಗಿಡ. ಅಷ್ಟೇ. ಬೆಂಗಳೂರಿನಲ್ಲೋ ಪುಣೆಯಲ್ಲೋ ನೌಕರಿಯಲ್ಲಿರುವ ಮಗ ಇಲ್ಲವೆ ಸೊಸೆ ಅದನ್ನು ವಾಟ್ಸ್‌ಆ್ಯಪಿನಲ್ಲಿ ಕಳಿಸಿರುತ್ತಾರೆ. ವಿಜಯಪುರ ರಸ್ತೆಯ ಹೊಸ ಪ್ಲಾಟುಗಳಲ್ಲಾಗಲಿ, ಶಹಾಪುರ ರಸ್ತೆಯ ಕಡೆಗಾಗಲಿ, ಗಿಲಾವು ಮುಗಿದ ಮನೆಯೊಳಗೆ ನಿಂತು ಅಪ್ಪ ಆ ಫೋಟೊವನ್ನು ಮೇಸ್ತ್ರಿಗೆ ತೋರಿಸುತ್ತಾರೆ. ಮೇಸ್ತ್ರಿ ಹಿಂದೆ ಮುಂದೆ ಸರಿಸಿ ನೋಡುತ್ತಾನೆ.

“ಚಲೋ ಅದ ರೀ ಸರ. ಆದ್ರ ಇನ್ನಾ ಸಾಮಾನ ಬಂದಿಲ್ಲೇನ್ರಿ ಈ ಮನಿಗಿ?”

“ಬಂದಾದಪಾ. ಇದು ಸ್ಕ್ಯಾಂಡಿನೇವಿಯನ್ ಅಂತ. ಹಿಂಗೇ ಖಾಲಿ ಇರಬೇಕಂತ, ಹುಡುಗ ಹೇಳ್ಯಾನ.”

“ಖಾಲಿ ಇಡ್ಲಿಕ್ಕಿ ರೊಕ್ಕ ಯಾಕ ಬೇಕ್ರಿ?”

ನಗಬಹುದು, ಆದರೆ ಮೇಸ್ತ್ರಿ ಕೇಳಿದ್ದರಲ್ಲಿ ಹುರುಳಿದೆ. ದೊಡ್ಡ ಊರುಗಳಲ್ಲಿ ಒಂದು ಕೋಣೆಯನ್ನು ಹೀಗೆ ‘ಖಾಲಿ’ ಮಾಡಿಕೊಡಲು ವಿನ್ಯಾಸಕರು ಲಕ್ಷಗಟ್ಟಲೆ ಎಣಿಸಿಕೊಳ್ಳುತ್ತಾರೆ. ಜೇವರ್ಗಿಯ ಹಳೆಯ ಪಡಸಾಲಿಗಳು ಯಾರಿಗೂ ಕಾಸು ಕೊಡದೆ ತಲೆತಲಾಂತರ ಖಾಲಿಯಾಗಿಯೇ ಇದ್ದವು. ಅವನ್ನು ಕೆಡವಿ ‘ಹಾಲ್’ ಕಟ್ಟಿದೆವು, ಹಾಲಿನ ತುಂಬ ಸಾಮಾನು ತುಂಬಿದೆವು, ಈಗ ಆ ಸಾಮಾನು ಹೊರಗೆ ಹಾಕುವ ಬಗೆ ಹೇಗೆಂದು ಉತ್ತರ ಧ್ರುವದ ಮಗ್ಗುಲಿನ ಸ್ವೀಡನ್, ಡೆನ್ಮಾರ್ಕ್, ಫಿನ್ಲೆಂಡಿನಂಥ ದೇಶಗಳನ್ನು ಕೇಳುತ್ತಿದ್ದೇವೆ. ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಅವರು ಯಾಕೆ ಹಾಗೆ ಮಾಡಿಕೊಂಡರು ಎಂದು ಕೇಳದೆ ಫೋಟೊ ಒಂದನ್ನೇ ನಕಲು ಇಳಿಸಿದರೆ ಮೇ ತಿಂಗಳ ಬಿಸಿಲು ಪಾಠ ಕಲಿಸುತ್ತದೆ.

ಕತ್ತಲ ನಾಡಿನ ಬಿಳಿ ಗೋಡೆ

ಸ್ವೀಡನ್ನಿನ ಸ್ಟಾಕ್‌ಹೋಮ್ ಇರುವುದು 59 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ; ಜೇವರ್ಗಿ 17ರಲ್ಲಿ. ಡಿಸೆಂಬರಿನಲ್ಲಿ ಅಲ್ಲಿ ಹಗಲೆಂದರೆ ಆರು ತಾಸು, ಅದೂ ಸೂರ್ಯ ನೆತ್ತಿಗೆ ಬರುವುದೇ ಇಲ್ಲ, ಮನೆಗಳ ಮಾಡನ್ನು ಸವರಿಕೊಂಡು ಹೋಗಿಬಿಡುತ್ತಾನೆ. ಬಿಳಿ ಗೋಡೆ ಹುಟ್ಟಿದ್ದು ಈ ಬೆಳಕಿನ ಬರಗಾಲದಲ್ಲಿ. ಸಿಕ್ಕಷ್ಟು ಬೆಳಕು ಒಳಬರಲೆಂದು ದೊಡ್ಡ ಗಾಜಿನ ಕಿಟಕಿ, ಬಂದ ಬೆಳಕು ಕೋಣೆಯ ತುಂಬ ಹರಡಲೆಂದು ಬಿಳಿ ಬಣ್ಣ, ನೆಲಕ್ಕೆ ಹಾಸಿದ ಪೈನ್ ಹಲಗೆಯನ್ನೂ ಕ್ಷಾರ, ಸೋಪು ಹಾಕಿ ತಿಕ್ಕಿ ಬಿಳಿಚುವುದು. ಕುರಿಯ ಚರ್ಮ, ಉಣ್ಣೆ ಹೊದಿಕೆಗಳು ಸೋಫಾದ ಮೇಲೆ ಬಿದ್ದಿರುವುದು ಚಂದಕ್ಕಲ್ಲ, ಚಳಿಗೆ.

ಇನ್ನೊಂದು ಕಾರಣ ಬಡತನ. ಇವತ್ತಿನ ಸ್ವೀಡನ್ ನೋಡಿದವರಿಗೆ ನಂಬಿಕೆ ಬರಲಿಕ್ಕಿಲ್ಲ. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ 1930ರವರೆಗೆ ಆ ಸಣ್ಣ ದೇಶದಿಂದ 12 ಲಕ್ಷಕ್ಕೂ ಹೆಚ್ಚು ಜನ ಹೊಟ್ಟೆಪಾಡಿಗಾಗಿ ಅಮೆರಿಕಕ್ಕೆ ಗುಳೆ ಹೋದರು. ಅಂಥ ಕಾಲದಲ್ಲಿ, 1899ರಲ್ಲಿ, ಎಲೆನ್ ಕೇ ಎಂಬ ಲೇಖಕಿ ‘ಎಲ್ಲರಿಗೂ ಸೌಂದರ್ಯ’ ಎಂಬ ಹೆಸರಿನಲ್ಲಿ ಪುಸ್ತಕ ಬರೆದಳು. ಚಂದದ ಮನೆ ಶ್ರೀಮಂತರ ಸೊತ್ತಲ್ಲ. ಕೂಲಿಯವನ ಕೋಣೆಯೂ ಉಪಯೋಗಕ್ಕೆ ಬರುವ, ಸರಳವಾದ ವಸ್ತುಗಳಿಂದಲೇ ಚಂದವಾಗಬೇಕು ಎಂಬುದು ಆಕೆಯ ವಾದ. ಅದೇ ವರ್ಷ ಚಿತ್ರಕಾರ ಕಾರ್ಲ್ ಲಾರ್ಸನ್ ತನ್ನ ಹಳ್ಳಿಮನೆಯ ಜಲವರ್ಣ ಚಿತ್ರಗಳ ಪುಸ್ತಕ ತಂದ. ತಮಾಷೆಯೆಂದರೆ, ಸ್ವೀಡನ್ನಿನ ಮನೆಗಳಿಗೆ ಮಾದರಿಯಾದ ಆ ಮನೆಯಲ್ಲಿ ಕೆಂಪು ಇತ್ತು, ಹಸಿರು ಇತ್ತು, ಹೆಂಡತಿ ಕಾರಿನ್ ಕೈಯಾರೆ ನೇಯ್ದ ಬಣ್ಣಬಣ್ಣದ ಬಟ್ಟೆಗಳಿದ್ದವು. ಎಲ್ಲವೂ ಬಿಳಿ, ಎಲ್ಲವೂ ಬೂದು ಎಂಬುದು ಮೂಲ ಶಾಸ್ತ್ರವೇನಲ್ಲ. ಮೊಬೈಲಿನ ಫೋಟೊದಲ್ಲಿ ಅದು ಹೊಂದುತ್ತದೆ, ಹಾಗಾಗಿ ಹಬ್ಬಿದೆ.

ಡೆನ್ಮಾರ್ಕಿನ ಕೋರೆ ಕ್ಲಿಂಟ್‌ನ ಕೆಲಸ ನನಗೆ ಇವೆಲ್ಲಕ್ಕಿಂತ ಹಿಡಿಸುತ್ತದೆ. 1924ರಲ್ಲಿ ಕೋಪನ್‌ಹೇಗನ್ನಿನ ಕಲಾ ಅಕಾಡೆಮಿಯಲ್ಲಿ ಪೀಠೋಪಕರಣಗಳ ವಿಭಾಗ ಶುರುವಾದಾಗ ಕಲಿಸಲು ಬಂದ ಈತ ಕಪಾಟು ಮಾಡುವ ಮೊದಲು ಅದರಲ್ಲಿ ಇಡುವುದೇನು ಎಂದು ಅಳೆಯುತ್ತಿದ್ದ. ತಟ್ಟೆ ಎಷ್ಟು ಅಗಲ, ಬಟ್ಟಲು ಎಷ್ಟು ಎತ್ತರ, ಮಡಚಿದ ಅಂಗಿಗೆ ಎಷ್ಟು ಜಾಗ. ಅಳತೆ ಮೊದಲು, ಕಪಾಟು ಆಮೇಲೆ. ಅವನ ಶಿಷ್ಯ ಬೋರ್ಗೆ ಮೊಗೆನ್ಸೆನ್ 1947ರಲ್ಲಿ ಡೆನ್ಮಾರ್ಕಿನ ಗ್ರಾಹಕರ ಸಹಕಾರಿ ಸಂಸ್ಥೆಗಾಗಿ ಒಂದು ಖುರ್ಚಿ ಮಾಡಿದ: ನಾಲ್ಕು ಕಾಲು, ಬೆನ್ನಿಗೊಂದು ಅಗಲ ಪಟ್ಟಿ, ಕೂಡುವ ಜಾಗದಲ್ಲಿ ಕಾಗದದ ಹುರಿಯ ನೇಯ್ಗೆ. ‘ಜೆ 39’ ಎಂಬ ಆ ಖುರ್ಚಿಯನ್ನು ಅಲ್ಲಿನವರು ಜನರ ಖುರ್ಚಿ ಎನ್ನುತ್ತಾರೆ. ಇವತ್ತಿಗೂ ತಯಾರಾಗುತ್ತದೆ, ಈಗ ಅದರ ಬೆಲೆ ಮಾತ್ರ ಜನರದ್ದಲ್ಲ. ಫಿನ್ಲೆಂಡಿನ ಆಲ್ವಾರ್ ಆಲ್ಟೊ ಪೈಮಿಯೊ ಎಂಬಲ್ಲಿ ಕ್ಷಯರೋಗಿಗಳ ಆಸ್ಪತ್ರೆ ಕಟ್ಟಿದಾಗ, ಬಾಗಿಸಿದ ಮರದ ಖುರ್ಚಿಯ ಬೆನ್ನನ್ನು ರೋಗಿ ಸಲೀಸಾಗಿ ಉಸಿರಾಡುವ ಹಾಗೆ ಓರೆ ಮಾಡಿದ. ಮಲಗಿದವರ ಕಣ್ಣು ಸದಾ ಮೇಲೆ ಎಂದು ಚಾವಣಿಗೆ ತಂಪು ಹಸಿರು ಬಳಿಸಿದ.

ಇದೆಲ್ಲ ನಮ್ಮ ಹಾದಿಗೆ ಬಂದದ್ದು ಐಕಿಯಾ ಎಂಬ ಪೀಠೋಪಕರಣ ಕಂಪನಿಯ ಮೂಲಕ. ಸ್ವೀಡನ್ನಿನ ಸ್ಮೋಲ್ಯಾಂಡ್ ಎಂಬ ಕಲ್ಲುನೆಲದ ಜಿಲ್ಲೆಯ ಹುಡುಗ ಇಂಗ್ವಾರ್ ಕಾಂಪ್ರಾಡ್ 1943ರಲ್ಲಿ, ತನ್ನ 17ನೇ ವಯಸ್ಸಿನಲ್ಲಿ, ಈ ಕಂಪನಿ ಶುರು ಮಾಡಿದ. 1956ರ ಸುಮಾರಿಗೆ ಅವನ ನೌಕರ ಗಿಲ್ಲಿಸ್ ಲುಂಡ್‌ಗ್ರೆನ್ ಕಾರಿನಲ್ಲಿ ಹಿಡಿಸದ ಟೇಬಲ್ಲಿನ ಕಾಲು ಕಳಚಿದ ಎಂದೂ, ಬಿಚ್ಚಿ ಪೆಟ್ಟಿಗೆಯಲ್ಲಿಟ್ಟು ಮಾರುವ ಪದ್ಧತಿ ಅಲ್ಲಿಂದ ಬೆಳೆಯಿತೆಂದೂ ಹೇಳುತ್ತಾರೆ. ಭಾರತದಲ್ಲಿ ಮೊದಲ ಅಂಗಡಿ 2018ರ ಆಗಸ್ಟ್ 9ರಂದು ಹೈದರಾಬಾದಿನಲ್ಲಿ ತೆರೆಯಿತು. ಬೆಂಗಳೂರಿನ ನಾಗಸಂದ್ರದ್ದು 2022ರ ಜೂನಿನಲ್ಲಿ. ನಮ್ಮವರಿಗೆ ಬೆಂಗಳೂರಿಗಿಂತ ಹೈದರಾಬಾದೇ ಸಮೀಪ, ಕಲಬುರಗಿಯಿಂದ ಸುಮಾರು 220 ಕಿಲೋಮೀಟರ್. ದವಾಖಾನೆಗೆ, ಮದುವೆ ಜವಳಿಗೆ ನಿಜಾಮನ ಕಾಲದಿಂದ ಹೋಗಿ ಬರುವ ಊರು ಅದು. ಈಗ ಜವಳಿ ಗಂಟಿನ ಜೊತೆ ಚಪ್ಪಟೆ ಪೆಟ್ಟಿಗೆಗಳೂ ಕಾರಿನ ಮೇಲೆ ಕಟ್ಟಿಸಿಕೊಂಡು ಭೀಮೆ ದಾಟಿ ಬರುತ್ತಿವೆ.

ಪಡಸಾಲಿಯ ಲೆಕ್ಕ

ಇತ್ತ ನಮ್ಮ ಕಡೆಯ ಮೇಲ್ಮುದ್ದೆ ಮನೆಯ ಒಳಗೆ ಬನ್ನಿ. ಇನ್ನೂ ಕೆಲವು ಹಳ್ಳಿಗಳಲ್ಲಿ, ಜೇವರ್ಗಿಯ ಹಳೆ ಓಣಿಗಳಲ್ಲೂ, ಅಲ್ಲೊಂದು ಇಲ್ಲೊಂದು ಉಳಿದಿವೆ. ಹೊರಗೆ ಬಂಕದ ಕಟ್ಟಿ. ತಲೆಬಾಗಿಲು ದಾಟಿದರೆ ಒಂದು ಮಗ್ಗುಲಿಗೆ ತಗ್ಗಿನಲ್ಲಿ ದನಗಳು, ಇನ್ನೊಂದು ಮಗ್ಗುಲಿಗೆ ಎತ್ತರದಲ್ಲಿ ಪಡಸಾಲಿ. ಮೊಳಕ್ಕೂ ಮಿಕ್ಕಿದ ದಪ್ಪದ ಕಲ್ಲು-ಮಣ್ಣಿನ ಗೋಡೆ. ಕಲ್ಲಿನ ಕುಂಬಿಯ ಮೇಲೆ ನಿಂತ ಮರದ ಕಂಬಗಳು, ಅದರ ಮೇಲೆ ತೊಲೆ, ಜಂತಿ, ಜಂತಿಯ ಮೇಲೆ ಮಣ್ಣಿನ ಮಾಳಿಗೆ. ಕಿಟಕಿ ಇಲ್ಲ, ಇದ್ದರೂ ಒಂದು ಗೇಣು. ಬೆಳಕು ಬರುವುದು ಮೇಲಿನ ಬೆಳಕಿಂಡಿಯಿಂದ. ಅದರಿಂದ ಇಳಿದ ಬಿಸಿಲ ಕೋಲು ಮುಂಜಾನೆ ಒಂದು ಗೋಡೆಯ ಮೇಲಿದ್ದರೆ ಸಂಜೆಗೆ ಎದುರಿನ ಗೋಡೆಗೆ ಹತ್ತಿರುತ್ತದೆ. ಗಡಿಯಾರ ಇಲ್ಲದ ಮನೆಯಲ್ಲಿ ರೊಟ್ಟಿಯ ಬುತ್ತಿ ಹೊಲಕ್ಕೆ ಹೊರಡುವ ಹೊತ್ತು ಅದರಿಂದಲೇ ಗೊತ್ತಾಗುತ್ತಿತ್ತು.

ಸಾಮಾನು? ಗೋಡೆಯಲ್ಲೇ ಕೊರೆದ ಮಾಡಗಳು: ಒಂದರಲ್ಲಿ ದೀಪ, ಒಂದರಲ್ಲಿ ಎಲೆಅಡಿಕೆ ಡಬ್ಬಿ, ಇನ್ನೊಂದರಲ್ಲಿ ಪಂಚಾಂಗ. ಸಾಲಾಗಿ ಹೊಡೆದ ಮರದ ಗೂಟಗಳು: ರುಮಾಲು, ಚೀಲ, ಬಾರುಕೋಲು. ಜಂತಿಗೆ ತೂಗುಬಿಟ್ಟ ಒಂದು ಗಳ, ಅದರ ಮೇಲೆ ಮಡಚಿ ಹಾಕಿದ ಕೌದಿಗಳು. ಗೋಡೆಗೆ ಆನಿಸಿ ನಿಲ್ಲಿಸಿದ ಒಂದು ಹೊರಸು, ಸುತ್ತಿಟ್ಟ ಜಮಖಾನ, ಕಂಬಳಿ. ಮುಗಿಯಿತು. ಉಳಿದದ್ದೆಲ್ಲ ಬರಿ ನೆಲ.

ಆ ಬರಿ ನೆಲಕ್ಕೆ ಬಿಡುವಿರುತ್ತಿರಲಿಲ್ಲ. ಸುಗ್ಗಿಯಲ್ಲಿ ತೊಗರಿ ಚೀಲ ಅಲ್ಲೇ ಒಟ್ಟುತ್ತಿದ್ದರು. ಶ್ರಾವಣದಲ್ಲಿ ಪುರಾಣ ಕೇಳಲು ಓಣಿಯೇ ಬಂದು ಕೂಡುತ್ತಿತ್ತು. ಬೀಗರು ಬಂದರೆ ಹತ್ತು ಪಂಕ್ತಿ ಊಟ, ರಾತ್ರಿ ಅಲ್ಲೇ ಹಾಸಿಗೆ. ಸತ್ತವರನ್ನು ಕೂಡಿಸುತ್ತಿದ್ದುದೂ ಅಲ್ಲೇ. ಒಂದು ಜಾಗ ಹತ್ತು ಕೆಲಸಕ್ಕೆ ಬರಬೇಕಾದರೆ ಅದು ಯಾವ ಒಂದು ಕೆಲಸಕ್ಕೂ ತುಂಬಿ ಕೂಡಬಾರದು. ಇದು ಪಡಸಾಲಿಯ ಲೆಕ್ಕ. ಕೋರೆ ಕ್ಲಿಂಟ್ ತಟ್ಟೆ ಅಳೆದದ್ದಕ್ಕೂ ಗೂಟದ ಮೇಲೆ ರುಮಾಲು ತೂಗಿದ್ದಕ್ಕೂ ತಳದಲ್ಲಿರುವ ಬುದ್ಧಿ ಒಂದೇ.

ಹಾಗೆಂದು ಹಳೆಯದನ್ನು ಹಾಡಿ ಹೊಗಳಲು ನಾನು ತಯಾರಿಲ್ಲ. ಆ ಪಡಸಾಲಿಯಲ್ಲಿ ಕತ್ತಲಿತ್ತು, ಸೊಳ್ಳೆ ಇತ್ತು, ಮಳೆಗಾಲದಲ್ಲಿ ಮಾಳಿಗೆ ಸೋರುತ್ತಿತ್ತು. ಎಲ್ಲಕ್ಕಿಂತ ಮುಖ್ಯ, ಅದು ಗಂಡಸರ ಜಾಗ. ಮನೆಯ ಹೆಂಗಸರು ಅಡುಗೆಮನೆಯ ಬಾಗಿಲ ಮರೆಯಿಂದ ಮಾತು ಕೇಳಿಸಿಕೊಳ್ಳಬೇಕಿತ್ತು, ಚಹಾ ಕೊಟ್ಟು ಸೆರಗು ಸರಿಪಡಿಸಿಕೊಂಡು ಒಳಗೆ ಹೋಗಬೇಕಿತ್ತು. ಈಗಿನ ‘ಹಾಲ್’ ಎಷ್ಟೇ ಕುರೂಪವಾಗಿರಲಿ, ಅತ್ತೆ-ಸೊಸೆ ಇಬ್ಬರೂ ಫ್ಯಾನಿನ ಕೆಳಗೆ ಸೋಫಾದ ಮೇಲೆ ಕಾಲು ಮೇಲಿಟ್ಟು ಕೂತು ಧಾರಾವಾಹಿ ನೋಡುವ ಹಕ್ಕು ಕೊಟ್ಟದ್ದು ಅದೇ. ಆ ಹಕ್ಕನ್ನು ಕಸಿಯುವ ಯಾವ ಶೈಲಿಯೂ ನಮಗೆ ಬೇಡ.

ಶೋಕೇಸಿನ ಕಾಲ

ಹಾಲ್ ತುಂಬಿದ್ದು ಟಿವಿ ಬಂದ ಮೇಲೆ. ಭಾನುವಾರದ ಮಹಾಭಾರತದ ದಿನಗಳಲ್ಲಿ ಟಿವಿ ಇದ್ದ ಮನೆ ಎಂದರೆ ಓಣಿಗೇ ಥಿಯೇಟರು. ಟಿವಿಗೆ ಸ್ಟ್ಯಾಂಡು ಬೇಕು, ಸ್ಟ್ಯಾಂಡಿಗೆ ಮಗ್ಗುಲಿಗೆ ಗಾಜಿನ ಬಾಗಿಲು ಬೇಕು, ಗಾಜಿನ ಹಿಂದೆ ಏನಾದರೂ ಇಡಬೇಕು. ಹೀಗೆ ಹುಟ್ಟಿದ್ದು ಶೋಕೇಸು. ಮದುವೆಯಲ್ಲಿ ಬಂದ ಕಪ್ಪು-ಬಸಿ, ಪ್ಲಾಸ್ಟಿಕ್ ಹೂವಿನ ಗುಚ್ಛ, ಗಾಜಿನೊಳಗಿನ ತಾಜಮಹಲು, ಶಾಲೆಯ ಬಹುಮಾನದ ಕಪ್ಪು, ನಿಂತುಹೋದ ಗಡಿಯಾರ. ಯಾವುದನ್ನೂ ಅಳೆದು ಮಾಡಿದ ಕಪಾಟಲ್ಲ ಅದು. ಕಪಾಟು ಮೊದಲು ಬಂತು, ತುಂಬುವ ಸಾಮಾನು ಆಮೇಲೆ ಹುಡುಕಿದೆವು. ಅದರ ಬೆನ್ನಿಗೆ ಕೆತ್ತನೆಯ ಕೈಯಿರುವ ಮಖಮಲ್ಲು ಸೋಫಾ, ಮುಖ ಕಾಣುವ ಟೈಲ್ಸು, ಬಣ್ಣದ ದೀಪ ಬಚ್ಚಿಟ್ಟ ಪಿಒಪಿ ಚಾವಣಿ, ನೆಲಕ್ಕೆ ತಾಗುವ ಭಾರಿ ಪರದೆ.

ಎರೆನೆಲದ ಸೀಮೆ ನಮ್ಮದು. ಬೇಸಿಗೆಯ ಗಾಳಿಗೆ ಆ ಕರಿಧೂಳು ಮುಚ್ಚಿದ ಕಿಟಕಿಯ ಸಂದಿನಲ್ಲೂ ನುಗ್ಗುತ್ತದೆ. ಕೆತ್ತನೆಯ ಪ್ರತಿ ಎಲೆಯ ಸಂದಿಯಲ್ಲಿ, ಪಿಒಪಿಯ ಪ್ರತಿ ಮೆಟ್ಟಿಲಲ್ಲಿ, ಮಖಮಲ್ಲಿನ ಪ್ರತಿ ಮಡಿಕೆಯಲ್ಲಿ ಕೂಡುತ್ತದೆ. ಹಬ್ಬಕ್ಕೊಮ್ಮೆ ಸ್ಟೂಲು ಹತ್ತಿ ಅದನ್ನೆಲ್ಲ ಜಾಡಿಸುವವರು ಯಾರು ಎಂಬುದನ್ನು ಮಾತ್ರ ಯಾವ ಇಂಟೀರಿಯರ್ ಕಂಪನಿಯೂ ಕೇಳುವುದಿಲ್ಲ. ಕಡಿಮೆ ಸಾಮಾನಿನ ಪರವಾಗಿ ನನ್ನ ಬಳಿ ಇರುವ ಮೊದಲ ವಾದವೇ ಇದು. ಚಂದ ಎರಡನೆಯ ಮಾತು.

ಸ್ವೀಡನ್ನನ್ನು ಜೇವರ್ಗಿಗೆ ತರುವುದು

ನೆಲದಿಂದ ಶುರು ಮಾಡಿ. ಆ ಫೋಟೊದ ಬೂದು ಶಾಂತಿ ನಮ್ಮ ಜಿಲ್ಲೆಯ ನೆಲದಡಿಯೇ ಇದೆ. ಶಹಾಬಾದ್, ಚಿತ್ತಾಪುರ, ಸೇಡಂ ಸುತ್ತಿನ ಗಣಿಗಳಲ್ಲಿ ಭೀಮಾ ಕೊಳ್ಳದ ಸುಣ್ಣಗಲ್ಲು ಪದರುಪದರಾಗಿ ಏಳುತ್ತದೆ. ಅದೇ ನಮ್ಮ ಫರಸಿ. ಮುಂಬೈ, ಪುಣೆಯ ಎಷ್ಟೋ ಹಳೆಯ ಅಂಗಳ, ವರಾಂಡಗಳಿಗೆ ಇಲ್ಲಿಂದಲೇ ಹೋಗಿದೆ. ನಮ್ಮವರು ಮಾತ್ರ ‘ಗುಡಿ, ಗೋದಾಮಿನ ಕಲ್ಲು’ ಎಂದು ಅದನ್ನು ಅಂಗಳಕ್ಕೆ ತಳ್ಳಿ, ಒಳಗೆ ದೂರದಿಂದ ತರಿಸಿದ ಜಾರುವ ಟೈಲ್ಸು ಹಾಕಿಸುತ್ತಾರೆ. ಎರಡಡಿ ಚೌಕದ ಫರಸಿ, ಅಂಚು ಮಷೀನಿನಲ್ಲಿ ಕೊಯ್ಯಿಸಿ, ಸಂದು ಸಣ್ಣದಾಗಿ ಹಿಡಿಸಿ ಹಾಸಿದರೆ ಬೇರೆ ಅಲಂಕಾರ ಬೇಕಿಲ್ಲ. ಬೇಸಿಗೆಯಲ್ಲಿ ಬರಿಗಾಲಿಗೆ ತಂಪು. ಕನ್ನಡಿಯಂತೆ ಪಾಲಿಶ್ ಹೊಡೆಸಬೇಡಿ, ಕಾಲಿಗೆ ಹಿಡಿತ ಇರಲಿ. ಒಂದು ಎಚ್ಚರ: ಇದು ಸುಣ್ಣಗಲ್ಲು, ಹುಳಿ ಇದಕ್ಕೆ ವೈರಿ. ನಿಂಬೆರಸ, ಹುಣಸೆ ಚೆಲ್ಲಿದರೆ ಕಲೆ ಬೀಳುತ್ತದೆ. ಪಾಯಖಾನೆ ತೊಳೆಯುವ ಆಸಿಡ್ ತಾಗಿದರೆ ಮೈಯೇ ಕಿತ್ತುಬರುತ್ತದೆ. ಬರಿ ನೀರು ಸಾಕು.

ಗೋಡೆಗೆ ಸುಣ್ಣ. ಡಿಸ್ಟೆಂಪರು, ಎಮಲ್ಷನ್ನಿನ ಕಾಲದಲ್ಲಿ ಇದನ್ನು ಹೇಳಿದರೆ ಪೇಂಟರುಗಳು ನಗುತ್ತಾರೆ, ಹೇಳುತ್ತೇನೆ. ಸುಣ್ಣದ ಹರಳನ್ನು ಡ್ರಮ್ಮಿನ ನೀರಿಗೆ ಹಾಕಿದರೆ ಕುದಿದು ಉಗಿ ಏಳುತ್ತದೆ. ಕೆಲವು ದಿನ ಕೊಳೆಯಲು ಬಿಟ್ಟು, ಬಟ್ಟೆಯಲ್ಲಿ ಸೋಸಿ, ಗೋಂದು ಬೆರೆಸಿ, ಹಸಿ ಮಾಡಿದ ಗೋಡೆಗೆ ತೆಳ್ಳಗೆ ಮೂರು ಸಲ ಬಳಿಯಬೇಕು. ಮೊದಲ ಸಲ ಬಳಿದಾಗ ಏನೂ ಕಾಣುವುದಿಲ್ಲ, ಮೇಸ್ತ್ರಿ ಮೋಸ ಮಾಡಿದ ಅನ್ನಿಸುತ್ತದೆ. ಒಣಗುತ್ತ ಒಣಗುತ್ತ ಬೆಳ್ಳಗಾಗುತ್ತದೆ, ಏಕೆಂದರೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಸುಣ್ಣ ಮತ್ತೆ ಕಲ್ಲಾಗುತ್ತದೆ. ಕೆಳಗೆ ಹಾಸಿದ ಫರಸಿಯೂ ಮೇಲೆ ಬಳಿದ ಸುಣ್ಣವೂ ಕೊನೆಗೆ ಒಂದೇ ವಸ್ತು, ಕ್ಯಾಲ್ಸಿಯಂ ಕಾರ್ಬೊನೇಟ್. ಈ ಗೋಡೆಗೆ ಹೊಳಪಿಲ್ಲ, ಅದೇ ಅದರ ಗುಣ; ಬೆಳಕು ಬಿದ್ದರೆ ಕಣ್ಣು ಕುಕ್ಕುವುದಿಲ್ಲ. ಬೆನ್ನು ತಾಗಿಸಿ ಕೂತರೆ ಅಂಗಿಗೆ ಹತ್ತುತ್ತದೆ ಎನ್ನುವವರು ಕೆಳಗಿನ ಮೂರಡಿಗೆ ಫರಸಿಯದೇ ಪಟ್ಟಿ ಕೊಡಿಸಲಿ. ಹಾಗೆಯೇ ಮಾಳಿಗೆಯ ಮೇಲೂ ಬೇಸಿಗೆಗೆ ಮುಂಚೆ ಸುಣ್ಣ ಬಳಿಸಿದರೆ ಒಳಗಿನ ಕಾವು ಇಳಿಯುತ್ತದೆ.

ಕಿಟಕಿಯ ವಿಷಯದಲ್ಲಿ ಮಾತ್ರ ಸ್ವೀಡನ್ನಿನ ಮಾತು ಕೇಳಲೇಬೇಡಿ. ಅವರಿಗೆ ಬಿಸಿಲು ಅತಿಥಿ. ನಮಗೆ ಮೇ ತಿಂಗಳಲ್ಲಿ 42–43 ಡಿಗ್ರಿಯ ಬಿಸಿಲು ಬಾಗಿಲಲ್ಲೇ ನಿಲ್ಲಬೇಕಾದವನು. ಪಶ್ಚಿಮದ ಗೋಡೆಗೆ ನೆಲದಿಂದ ಚಾವಣಿಯವರೆಗೆ ಗಾಜು ಹಾಕಿಸಿಕೊಂಡವರು ಮಧ್ಯಾಹ್ನ ಎರಡಕ್ಕೆ ದಪ್ಪ ಪರದೆ ಎಳೆದು, ಟ್ಯೂಬ್‌ಲೈಟು ಹಚ್ಚಿ, ಏಸಿ ಹಾಕಿಕೊಂಡು ಕೂತಿರುತ್ತಾರೆ. ಉತ್ತರಕ್ಕೆ ದೊಡ್ಡ ಕಿಟಕಿ, ದಕ್ಷಿಣಕ್ಕೆ ಅಗಲ ಛಜ್ಜೆ, ಪಶ್ಚಿಮಕ್ಕೆ ಎತ್ತರದಲ್ಲಿ ಸಣ್ಣ ಕಿಂಡಿ. ಸಾಧ್ಯವಿದ್ದರೆ ಚಾವಣಿಯಲ್ಲಿ ಹಳೆಯ ಬೆಳಕಿಂಡಿಯನ್ನೇ ಗಾಜು ಹೊಂದಿಸಿ ಮತ್ತೆ ತನ್ನಿ.

ರಾತ್ರಿಯ ದೀಪದಲ್ಲಿ ಮಾತ್ರ ಅವರೇ ಗುರುಗಳು. ಡೆನ್ಮಾರ್ಕಿನ ಪೌಲ್ ಹೆನ್ನಿಂಗ್‌ಸೆನ್ ಚಿಮಣಿ ದೀಪದ ಬೆಳಕಿನಲ್ಲಿ ಬೆಳೆದವನು. ಕರೆಂಟು ಬಂದ ಮೇಲೆ ಬರಿ ಬಲ್ಬಿನ ಝಳ ಅವನಿಗೆ ಸಹಿಸಲಾಗಲಿಲ್ಲ. ಬಲ್ಬು ಎಲ್ಲಿಂದಲೂ ಕಣ್ಣಿಗೆ ನೇರ ಕಾಣಬಾರದು ಎಂದು ಹಟ ಹಿಡಿದು 1920ರ ದಶಕದ ನಡುವಿನಲ್ಲಿ ಒಂದರ ಕೆಳಗೊಂದು ಬೋಗುಣಿ ಜೋಡಿಸಿದ ದೀಪ ಮಾಡಿದ. ಅದರ ಪೀಳಿಗೆ ಇನ್ನೂ ಮಾರಾಟದಲ್ಲಿದೆ. ನಮಗೆ ಆ ದೀಪ ಬೇಕಿಲ್ಲ, ಆ ನಿಯಮ ಸಾಕು. ಚಾವಣಿಯ ನಡುವೆ ಒಂದು ಬೆಳ್ಳನೆಯ ಟ್ಯೂಬು ಹಚ್ಚಿದರೆ ಹಾಲ್ ಬ್ಯಾಂಕಿನ ಕೌಂಟರಿನಂತೆ ಕಾಣುತ್ತದೆ. ಅದರ ಬದಲು ಎಳೆ ಹಳದಿಯ ಮೂರು ಸಣ್ಣ ಎಲ್‌ಇಡಿ, ಡಬ್ಬಿಯ ಮೇಲೆ 2700 ಇಲ್ಲವೆ 3000 ಕೆಲ್ವಿನ್ ಎಂದು ಬರೆದದ್ದು, ಕೂತವರ ತಲೆಯ ಮಟ್ಟಕ್ಕೆ ಇಡಿ. ಮಕ್ಕಳು ಓದುವ ಜಾಗಕ್ಕೆ ಬೇರೆ ದೀಪ. ಗೋಡೆಯಲ್ಲಿ ಒಂದು ಮಾಡ ಬಿಡಿಸಿ ಅದರಲ್ಲಿ ದೀಪ ಕೂಡಿಸಿದರೆ ಹೆನ್ನಿಂಗ್‌ಸೆನ್ ಕೂಡ ತಲೆದೂಗಿಯಾನು.

ಕೂಡುವುದಕ್ಕೆ ಒಂದು ಸೋಫಾ ಸಾಕು, ಐದು ಸೀಟಿನ ಸೆಟ್ಟು ಬೇಡ. ಬಿಳಿ ಬಟ್ಟೆಯದಂತೂ ಬೇಡ. ಎರೆಮಣ್ಣಿನ ಊರಿನಲ್ಲಿ ಕರಿಬೂದು, ಕಡುಗಂದು ಬಾಳುತ್ತವೆ, ಕವಚ ಬಿಚ್ಚಿ ಒಗೆಯಲು ಬರಬೇಕು. ಎದುರಿಗೆ ಎರಡು ಹೊರಸು. ನಗಬೇಡಿ. ಮೊಗೆನ್ಸೆನ್ನನ ಖುರ್ಚಿಯ ಕಾಗದದ ಹುರಿಯೂ ಹೊರಸಿನ ಪುಂಡಿ ಹಗ್ಗವೂ ಮಾಡುವುದು ಒಂದೇ ಕೆಲಸ: ಗಾಳಿ ಆಡುತ್ತದೆ, ಬೆನ್ನು ಬೆವರುವುದಿಲ್ಲ, ಜೋತುಬಿದ್ದರೆ ಎಳೆದು ಬಿಗಿಯಬಹುದು. ಊರ ಬಡಿಗನಿಗೆ ಹೇಳಿ, ಕಾಲು ಕೊಂಚ ಗಿಡ್ಡ ಮಾಡಿಸಿ, ಬೇವಿನ ಇಲ್ಲವೆ ಹಳೆ ಸಾಗವಾನಿ ಚೌಕಟ್ಟಿಗೆ ಬಣ್ಣ ಬಳಿಯದೆ ಎಣ್ಣೆ ಮಾತ್ರ ತಿಕ್ಕಿಸಿ. ಹೈದರಾಬಾದಿನಿಂದ ತಂದ ಪೆಟ್ಟಿಗೆಯ ಸಾಮಾನಿಗೆ ಇಲ್ಲಿ ಎರಡು ಗಂಡಾಂತರಗಳಿವೆ. ಒಂದು ಒರಲೆ. ಇನ್ನೊಂದು, ಅಮವಾಸ್ಯೆಗೊಮ್ಮೆ ಬಕೆಟ್ಟುಗಟ್ಟಲೆ ನೀರು ಸುರಿದು ನೆಲ ತೊಳೆಯುವ ನಮ್ಮ ಪದ್ಧತಿ. ಮರದ ಪುಡಿ ಒತ್ತಿ ಮಾಡಿದ ಹಲಗೆ ನೀರು ಕುಡಿದು ಉಬ್ಬಿದರೆ ಮತ್ತೆ ಮೊದಲಿನಂತಾಗದು. ಕಪಾಟಿಗೆ ನಾಲ್ಕಿಂಚಿನ ಸ್ಟೀಲಿನ ಕಾಲು ಕೊಡಿಸಿ, ಇಲ್ಲವೆ ಗೋಡೆಗೇ ಫರಸಿ ಹಲಗೆ ಹುಗಿಸಿ ಅದರ ಮೇಲೆ ಪುಸ್ತಕ ಜೋಡಿಸಿ.

ಬಟ್ಟೆಯ ಮಾತಿಗೆ ಬಂದರೆ, ಸ್ವೀಡನ್ನಿನ ಹಳ್ಳಿಮನೆಗಳ ನೆಲಕ್ಕೆ ಹಾಸುತ್ತಿದ್ದ ಪಟ್ಟೆಪಟ್ಟೆಯ ಹಾಸು ಹಳೆ ಅಂಗಿ, ಲಂಗಗಳನ್ನು ಚಿಂದಿ ಮಾಡಿ ನೇಯ್ದದ್ದು. ನಮ್ಮ ಅಜ್ಜಿಯರು ಹಳೆ ಸೀರೆಗಳನ್ನು ಅಚ್ಚುಕಟ್ಟಾಗಿ ತುಂಡರಿಸಿ ಹೊಲಿದ ಕೌದಿ ಟ್ರಂಕಿನ ತಳದಲ್ಲಿ ಬಿದ್ದಿದೆ. ತೆಗೆದು ಸೋಫಾದ ಬೆನ್ನಿಗೆ ಹೊದಿಸಿ. ಇಡೀ ಕೋಣೆಯ ಬಣ್ಣ ಅದೊಂದರಲ್ಲಿರಲಿ. ನೆಲಕ್ಕೆ ಭೌಗೋಳಿಕ ಗುರುತು ಪಡೆದ ನವಲಗುಂದದ ಜಮಖಾನ. ತಾಂಡಾದ ಹೆಣ್ಣುಮಕ್ಕಳು ಕನ್ನಡಿ, ಕವಡೆ ಹೊಲಿದ ಒಂದು ದಿಂಬು. ಒಂದೇ, ನಾಲ್ಕಲ್ಲ. ಬಿಳಿ ಗೋಡೆಯ ಮುಂದೆ ಬೀದರಿನ ಬಿದ್ರಿ ಹೂಜಿ ಒಂದನ್ನು ಒಂಟಿಯಾಗಿ ಇಟ್ಟು ನೋಡಿ. ಕರಿ ಮೈಯ ಮೇಲೆ ಬೆಳ್ಳಿಯ ಗೆರೆ ಇಷ್ಟು ವರ್ಷ ಶೋಕೇಸಿನ ಗದ್ದಲದಲ್ಲಿ ಕಂಡೇ ಇರಲಿಲ್ಲ ಅನ್ನಿಸೀತು.

ಜಗಳ ಆಗುವುದು ಫೋಟೊಗಳ ವಿಷಯದಲ್ಲಿ. ಮುತ್ಯಾನ ಹಾರ ಹಾಕಿದ ಫೋಟೊ, ಮಠದ ಅಪ್ಪಗಳ ಫೋಟೊ, ಮಗನ ಪದವಿ ಪ್ರದಾನದ ಫೋಟೊ. “ಅವೆಲ್ಲ ತೆಗೀರಿ, ಗ್ವಾಡಿ ಕ್ಲೀನ್ ಇರ್ಲಿ” ಎನ್ನುತ್ತಾನೆ ಮಗ. “ನಿಮ್ಮ ಮುತ್ಯಾ ಕಟ್ಟಿಸಿದ ಜಾಗದಾಗ ನಿಮ್ಮ ಮುತ್ಯಾಗೇ ಜಾಗಾ ಇಲ್ಲೇನಪಾ?” ಎನ್ನುತ್ತಾಳೆ ಆಯಿ. ಇಲ್ಲಿ ನಾನು ಆಯಿಯ ಪಕ್ಷ. ಮುತ್ಯಾನನ್ನು ಹೊರಗಿಟ್ಟು ಬರುವ ಶಾಂತಿ ಹೋಟೆಲ್ಲಿನ ರೂಮಿನದು, ಮನೆಯದಲ್ಲ. ಎಲ್ಲ ಫೋಟೊಗಳಿಗೂ ಒಂದೇ ಬಗೆಯ ಸಣ್ಣ ಚೌಕಟ್ಟು ಹಾಕಿಸಿ, ಒಂದೇ ಗೋಡೆಗೆ, ಕಣ್ಣಿನ ಎತ್ತರಕ್ಕೆ ಸಾಲಾಗಿ ತೂಗುಹಾಕಿ. ಉಳಿದ ಮೂರು ಗೋಡೆ ಮಗನಿಗೆ ಬಿಟ್ಟುಕೊಡಿ.

ಗಿಡದ ಬಗ್ಗೆ ಹೆಚ್ಚೇನಿಲ್ಲ. ನಲ್ಲಿ ನೀರಿಗೆ ಕಾಯುವ ಬೇಸಿಗೆಯಲ್ಲಿ ದಿನಾ ನೀರು ಕೇಳುವ ಗಿಡ ತರಬೇಡಿ.

ಯಾರ ಖಾಲಿ

ಜೇವರ್ಗಿ, ಅಫಜಲಪುರ, ಆಳಂದ ಕಡೆಯ ಹಳ್ಳಿಗಳಲ್ಲಿ ಇನ್ನೊಂದು ಬಗೆಯ ಖಾಲಿ ಪಡಸಾಲಿಗಳಿವೆ ಎಂಬುದನ್ನೂ ಹೇಳಬೇಕು. ತೊಗರಿ ರಾಶಿ ಮುಗಿದ ಮೇಲೆ ಬೀಗ ಹಾಕಿದವು. ಒಳಗೆ ಒಂದು ಟ್ರಂಕು, ನಾಲ್ಕು ಭಾಂಡೆ, ಗೂಟಕ್ಕೆ ಒಂದು ಚೀಲ. ಮನೆಯವರು ಮುಂಬೈ, ಪುಣೆ, ಬೆಂಗಳೂರಿನಲ್ಲಿ ದುಡಿಯಲು ಹೋಗಿದ್ದಾರೆ. ಅಲ್ಲಿ ಅವರು ಹೊರುವ ಇಟ್ಟಂಗಿ, ಕಲಸುವ ಗಚ್ಚಿನಿಂದಲೇ ಏಳುವ ಫ್ಲ್ಯಾಟುಗಳಲ್ಲಿ ಬೂದು ಸೋಫಾದ ಆ ಫೋಟೊಗಳನ್ನು ತೆಗೆಯುತ್ತಾರೆ. ಇಲ್ಲದ್ದರಿಂದ ಖಾಲಿಯಾದ ಕೋಣೆಗೂ ಇದ್ದೂ ಖಾಲಿ ಬಿಟ್ಟ ಕೋಣೆಗೂ ಬಹಳ ಅಂತರವಿದೆ. ಅವರ ಬರಿಗೋಡೆಯನ್ನು ‘ಸರಳ ಬದುಕು’ ಎಂದು ಹೊಗಳುವುದು ಸಲ್ಲದು. ಮುಂದಿನ ಸುಗ್ಗಿಯಲ್ಲಿ ಅವರು ರೊಕ್ಕ ತಂದು ಶೋಕೇಸು ಕೊಂಡರೆ ಅದನ್ನು ನೋಡಿ ಮೂಗು ಮುರಿಯುವ ಅಧಿಕಾರವೂ ನಮಗಿಲ್ಲ. ಗಾಜಿನ ಹಿಂದೆ ನಾಲ್ಕು ಕಪ್ಪು-ಬಸಿ ಜೋಡಿಸುವ ಸಂತೋಷ ಅವರಿಗೆ ಎಂದೋ ಸಲ್ಲಬೇಕಿತ್ತು. ಎಲೆನ್ ಕೇ ಹೇಳಿದ ‘ಎಲ್ಲರಿಗೂ’ ಎಂಬ ಮಾತು ಸ್ವೀಡನ್ನಿನಲ್ಲಿ ನಿಜವಾದದ್ದು ಬಿಳಿ ಬಣ್ಣದಿಂದಲ್ಲ. 1965ರಿಂದ 1974ರ ನಡುವೆ ಅಲ್ಲಿನ ಸರ್ಕಾರ ಹತ್ತು ಲಕ್ಷ ಮನೆ ಕಟ್ಟಿಸುವ ಯೋಜನೆ ಹಿಡಿದು ಮುಗಿಸಿತು. ಅದು ಮೊದಲು, ಅಲಂಕಾರ ಆಮೇಲೆ.

ಹಳೆ ಮನೆ ಕೆಡವಿ ಹೊಸದು ಕಟ್ಟಿಸಲು ಹೊರಟವರಲ್ಲಿ ಒಂದು ವಿನಂತಿ. ಗುದ್ದಲಿ ಬೀಳುವ ಮುನ್ನವೇ ಹಳೆ ಸಾಮಾನಿನ ವ್ಯಾಪಾರಿ ಬಾಗಿಲಿಗೆ ಬರುತ್ತಾನೆ. ಕಂಬ, ತೊಲೆ, ತಲೆಬಾಗಿಲನ್ನು ಕಟ್ಟಿಗೆಯ ತೂಕಕ್ಕೆ ಕೇಳಿ, ದೊಡ್ಡ ಊರಿಗೆ ಒಯ್ದು ಹತ್ತು ಪಟ್ಟಿಗೆ ಮಾರುತ್ತಾನೆ. ಕೊಡಬೇಡಿ. ನೆಲದ ಫರಸಿಗಳನ್ನು ಎಬ್ಬಿಸಿ ತಿರುವಿ ನೋಡಿ, ಕೆಳಮಗ್ಗುಲು ಹೊಸದರಂತಿರುತ್ತದೆ. ತೊಲೆಯಲ್ಲಿ ಒಂದು ಬೆಂಚು, ಬಾಗಿಲ ಹಲಗೆಯಲ್ಲಿ ಒಂದು ಟೀಪಾಯಿ, ಜಂತಿಗಳಲ್ಲಿ ಎರಡು ಹೊರಸು ಆಗುತ್ತವೆ. ಬಡಿಗನನ್ನು ಮೊದಲು ಕರೆಸಿ, ವ್ಯಾಪಾರಿಯನ್ನು ಆಮೇಲೆ.